ಪೊಟ್ಟಣ ತಂದವನ ಎಡಗಣ್ಣು

ಆ ಸೀರೆಗೆ ನಾನು ತೆತ್ತದ್ದು ಎರಡು ಸಾವಿರದ ನೂರು ರೂಪಾಯಿ, ಜೊತೆಗೆ ಬಲಗೈಯ ಕಿರುಬೆರಳು. ಬೆರಳು ಹೋಗಿಲ್ಲ, ಇದೆ, ಮಡಚುವುದಿಲ್ಲ ಅಷ್ಟೆ. ಲೋಟ ಹಿಡಿದರೆ ಒಂಟಿಯಾಗಿ ಸೆಟೆದು ನಿಲ್ಲುತ್ತದೆ. ಇದು ನನ್ನ ಕಡೆಯಿಂದ ಹೋದದ್ದು. ಅದೇ ಸೀರೆಯ ಸಲುವಾಗಿ ಇನ್ನೊಬ್ಬ ಮನುಷ್ಯನ ಎಡಗಣ್ಣನ್ನು ಹಾಡಹಗಲೇ ಬೀದಿಯಲ್ಲಿ ಪಣಕ್ಕಿಟ್ಟೆ. ಅವನು ಸೀರೆ ನೇಯ್ದವನಲ್ಲ, ಮಾರಿದವನಲ್ಲ. ತಂದುಕೊಟ್ಟವನು.

ಯಾಕೆ ಇಷ್ಟೆಲ್ಲ ಆಯಿತು ಅಂದರೆ, ಶಿರಾದ ಜವಳಿ ಸಾಹೇಬರೊಬ್ಬರು ಮುನ್ನೂರು ರೂಪಾಯಿ ಬಿಡಲಿಲ್ಲ. ಹಾಗಂತ ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಹೇಳಿಕೊಳ್ಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿದವರಿಗೆ ಒಂದು ಸೀರೆಯಾದರೂ ಉಳಿಯಲಿ, ಒಂದು ಕಣ್ಣಾದರೂ ಉಳಿಯಲಿ.

ಮಧುಗಿರಿಯಲ್ಲಿ ನನ್ನದು ಸ್ಟೀಲ್ ಪಾತ್ರೆ ಅಂಗಡಿ. ಅಂಗಡಿಗೆ ಮುಂಚೆ ಹದಿನೆಂಟು ವರ್ಷ ತಲೆಯ ಮೇಲೆ ಬುಟ್ಟಿ. ಹಳೆ ಸೀರೆ, ಹಳೆ ಪ್ಯಾಂಟು ಕೊಟ್ಟವರಿಗೆ ಪಾತ್ರೆ ಕೊಡುವ ಕಸುಬು. ಕೊರಟಗೆರೆ, ಕೊಳಾಲ, ಮಧುಗಿರಿ ಸುತ್ತಿನಲ್ಲಿ ನಾನು ಕಾಲಿಡದ ಬೀದಿ ಕಡಿಮೆ. ಆ ಕಸುಬಿಗೆ ಇಳಿದದ್ದು ಗಂಡನ ಏಟು ತಾಳಲಾರದೆ. ಅವನು ಕುಡಿದು ಹೊಡೆಯುತ್ತಿರಲಿಲ್ಲ, ಕುಡಿಯದೆಯೇ ಹೊಡೆಯುತ್ತಿದ್ದ. ಹಾಗಾಗಿ ಅಮಲು ಇಳಿಯಲಿ ಎಂದು ಕಾಯುವುದಕ್ಕೂ ಏನೂ ಇರಲಿಲ್ಲ. ಒಂದು ಬೆಳಿಗ್ಗೆ ಸೌದೆ ಎತ್ತಿದ. ನಾನು ಅದನ್ನೇ ಕಿತ್ತುಕೊಂಡು ಅವನ ಮಂಡಿಗೆ ಬೀಸಿ, ನಮ್ಮ ಜೊತೆಯಲ್ಲೇ ಇದ್ದ ತಂಗಿಯ ಕೈ ಹಿಡಿದು ಹೊರಬಿದ್ದೆ. ಅಪ್ಪ ಅಮ್ಮ ಮೊದಲೇ ತೀರಿಹೋಗಿದ್ದರು. ಅವತ್ತಿನಿಂದ ತಂಗಿಗೆ ತವರು ಅಂದರೆ ನಾನೇ.

ಬುಟ್ಟಿ ಹೊತ್ತ ಹೆಂಗಸಿಗೆ ಊರವರು ನಾಯಿ ಬಿಡುತ್ತಿದ್ದರು, ಕೆಲವರು ಮೈಮೇಲೆ ಕೈಯನ್ನೂ ಹಾಕುತ್ತಿದ್ದರು. ಬುಟ್ಟಿಯ ಅಡಿಯಲ್ಲಿ ಒಂದು ಉದ್ದ ಹಿಡಿಯ ಸೌಟು ಇಟ್ಟಿರುತ್ತಿದ್ದೆ, ಮಾರುವುದಕ್ಕಲ್ಲ. ಒಬ್ಬನ ಮುಂಗೈ ಮುರಿದದ್ದೂ ಉಂಟು. ನನಗೆ ಬಿದ್ದ ಏಟುಗಳಲ್ಲಿ ಒಂದನ್ನು ಮಾತ್ರ ನಾನು ತಪ್ಪು ಅನ್ನುವುದಿಲ್ಲ. ಕೊಳಾಲದಲ್ಲಿ ಒಬ್ಬಾಕೆಗೆ ಎರಡು ಸೀರೆಗೆ ಒಂದು ಕೊಳಗ ಕೊಟ್ಟಿದ್ದೆ. ಅದು ಸೋರಿತು. ಮುಂದಿನ ಸಲ ಆ ಬೀದಿಗೆ ಕಾಲಿಟ್ಟಾಗ ಕೊಳಗವನ್ನು ಬೀಸಿ ನನ್ನ ತಲೆಗೆ ಎಸೆದಳು. ಕಿವಿಯ ಮೇಲೆ ಗುರುತು ಇನ್ನೂ ಇದೆ.

"ನಾನ್ ಮಾಡಿದ್ದಲ್ಲ ಕಣಕ್ಕ, ಕಾರ್ಖಾನೇದು" ಅಂದೆ, ರಕ್ತ ಒತ್ತಿ ಹಿಡಿದುಕೊಂಡು.

"ಕಾರ್ಖಾನೆ ಯಾವ್ ದಿಕ್ಕಿಗೈತೆ ಅಂತ ನಂಗೇನ್ ಗೊತ್ತು? ನನ್ ಸೀರೆ ಈಸ್ಕಂಡಿದ್ದು ನಿನ್ ಕೈ."

ಬೇರೆ ಕೊಳಗ ಕೊಟ್ಟು ಬಂದೆ. ನಮ್ಮ ಕಸುಬಿನ ಕಟ್ಟಳೆಯೇ ಅದು. ಸರಕು ಯಾವ ಕೈಯಿಂದ ಬಂತೋ, ಕಾಸು ಯಾವ ಕೈಗೆ ಹೋಯಿತೋ, ಆ ಕೈಯೇ ಹೊಣೆ. ಹಿಂದೆ ಇರುವವರು ಯಾರು ಅಂತ ಯಾರೂ ಕೇಳುವುದಿಲ್ಲ. ಈ ಕಟ್ಟಳೆ ನೆನಪಿಟ್ಟುಕೊಳ್ಳಿ, ಮುಂದೆ ಇದೇ ನನ್ನನ್ನು ಕೆಡಿಸಿತು.

ಇನ್ನೊಂದು ಕಟ್ಟಳೆ ಚೌಕಾಸಿಯದು. ನನ್ನ ಕೊನೆಯ ಆಯುಧ ಬೆನ್ನು. ಬೆಲೆ ಇಳಿಯದಿದ್ದರೆ ಸರಕು ಕೆಳಗಿಟ್ಟು, ಬೆನ್ನು ತಿರುಗಿಸಿ, ನಿಧಾನವಾಗಿ ನಡೆಯುವುದು. ಹತ್ತು ಹೆಜ್ಜೆಯೊಳಗೆ "ಬಾರಮ್ಮ ಇಲ್ಲಿ" ಅಂತ ಕೂಗು ಬಂದರೆ ಮಾರುವವನು ಸೋತ ಅಂತ. ಬರದಿದ್ದರೆ ಅವನ ಬೆಲೆ ನಿಜ ಅಂತ. ಇಪ್ಪತ್ತೈದು ವರ್ಷದಲ್ಲಿ ಈ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ.

ತಂಗಿಯನ್ನು ಕೊಟ್ಟಿರುವುದು ಪಾವಗಡದ ಆಚೆ, ರಾಯಚರ್ಲಿನ ಕಡೆ. ಗಂಡ ಸೋಲಾರ್ ಹಲಗೆ ತೊಳೆಯುವ ಕೆಲಸಕ್ಕೆ ಹೋಗುತ್ತಾನೆ, ಒಳ್ಳೆಯವನು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಮೊರದ ಬಾಗಿನ, ಮೇಲೊಂದು ಸೀರೆ ನಾನೇ ತೆಗೆದುಕೊಂಡು ಹೋಗುತ್ತೇನೆ. ಹೋದ ವರ್ಷದ ಹಬ್ಬಕ್ಕೆ ಹನ್ನೆರಡು ದಿನ ಇರುವಾಗ ಶಿರಾಕ್ಕೆ ಹೋದೆ. ಆ ಜವಳಿ ಸಾಹೇಬರು ನನಗೆ ಹಳಬರು. ಜರಿ ನೋಡುವುದನ್ನು ಕಲಿಸಿದವರೇ ಅವರು. "ಸೀರೆ ಮುಖ ನೋಡಬ್ಯಾಡ ಬೆಹನ್, ಪೀಠ್ ದೇಖೋ" ಅನ್ನುತ್ತಿದ್ದರು. ಸೀರೆಯ ಹಿಂಬದಿಯಲ್ಲಿ ದಾರ ಹೇಗೆ ಮುಗಿದಿದೆ ಅನ್ನುವುದರಲ್ಲೇ ಎಲ್ಲ ತಿಳಿಯುತ್ತದೆ.

ದಾಳಿಂಬೆ ಬಣ್ಣದ ಸೀರೆ, ನವಿಲಿನ ಅಂಚು. ಮೂರು ಸಾವಿರದ ಎಂಟುನೂರು ಅಂದರು. ಮೂರೂವರೆ ಅಂದೆ.

"ನಹೀ ಬೈಠ್ತಾ ಅಕ್ಕಾ, ಗಿಟ್ಟಲ್ಲ. ನನಗೇ ಮೂರೂವರೆ ಬಿದ್ದದೆ."

"ಹಂಗಾದ್ರೆ ನೀವೇ ಉಟ್ಕಳಿ" ಅಂದು ಎದ್ದೆ.

ಅವರು ನಕ್ಕರು. ನಾನು ಬೆನ್ನು ತಿರುಗಿಸಿದೆ. ಹತ್ತು ಹೆಜ್ಜೆಯಾಯಿತು, ಇಪ್ಪತ್ತಾಯಿತು, ಬಸ್ ನಿಲ್ದಾಣವೇ ಬಂತು. ಕೂಗು ಬರಲಿಲ್ಲ. ನನ್ನದೇ ಲೆಕ್ಕದ ಪ್ರಕಾರ ಅವರ ಬೆಲೆ ನಿಜ. ಹಿಂದಕ್ಕೆ ಹೋಗಿ ತರಬೇಕಿತ್ತು. ಹೋಗಲಿಲ್ಲ, ಮುಖ ಉರಿಯುತ್ತಿತ್ತು.

ಬಸ್ಸಿನಲ್ಲಿ ಕೂತು ಫೋನ್ ತೆಗೆದರೆ, ಮೂರನೇ ಬೆರಳಾಡಿಕೆಗೆ ಅದೇ ಸೀರೆ. ಅದೇ ದಾಳಿಂಬೆ, ಅದೇ ನವಿಲು. 'ಗೌರಿ ಹಬ್ಬದ ಉಡುಗೊರೆ' ಅಂತ ಮೇಲೆ ದೀಪ ಮಿನುಗುತ್ತಿತ್ತು. ಬೆಲೆ ಎರಡು ಸಾವಿರದ ನಾನೂರು. ಒತ್ತಿ ಒಳಗೆ ಹೋದೆ, ಹೆಸರು ವಿಳಾಸ ನಂಬರು ಎಲ್ಲ ತುಂಬಿದೆ, ಆಮೇಲೆ ಅಭ್ಯಾಸಬಲದಿಂದ ಬೆನ್ನು ತಿರುಗಿಸಿದೆ. ಅಂದರೆ, ಕೊಳ್ಳದೆ ಮುಚ್ಚಿದೆ.

ಬಡವನಹಳ್ಳಿ ದಾಟುವುದರೊಳಗೆ ಫೋನು ಕಿಣಿ ಅಂತು. 'ನಿಮ್ಮ ಸೀರೆ ಇನ್ನೂ ನಿಮಗಾಗಿ ಕಾಯುತ್ತಿದೆ. ಒಂದು ಗಂಟೆಯೊಳಗೆ ಕೊಂಡರೆ ಮುನ್ನೂರು ಕಡಿಮೆ.'

ಅದೇ ಮುನ್ನೂರು. ಸಾಹೇಬರು ಬಿಡದ ಮುನ್ನೂರನ್ನು ಈ ಫೋನು ಹಿಂದಿನಿಂದ ಕೂಗಿ ಕರೆದು ಬಿಟ್ಟಿತ್ತು. ನಾನು ಗೆದ್ದೆ ಅಂದುಕೊಂಡೆ. ಕೊಳ್ಳದೆ ಮುಚ್ಚಿದ ಪ್ರತಿಯೊಬ್ಬರನ್ನೂ ಅದು ಹಾಗೇ ಕರೆಯುತ್ತದೆ, ಕರೆಯುವುದಕ್ಕೇ ಯಂತ್ರ ಇಟ್ಟಿರುತ್ತಾರೆ ಅನ್ನುವುದು ಆಮೇಲೆ ತಿಳಿಯಿತು. ಸೀರೆಯ ಬೆನ್ನಿನ ಚಿತ್ರ ಅಲ್ಲಿ ಇರಲಿಲ್ಲ ಅನ್ನುವುದನ್ನೂ ಆಮೇಲೆಯೇ ನೆನೆದೆ. ಆದರೂ ಜಾಣತನಕ್ಕೆ ಕಡಿಮೆ ಇಲ್ಲ, ಮುಂಚೆ ದುಡ್ಡು ಕಳಿಸುವುದಿಲ್ಲ, ತಂದವನ ಕೈಗೇ ಕೊಡುತ್ತೇನೆ ಅಂತ ಗುರುತು ಹಾಕಿದೆ. ಕಾಸು ಹೋಗುವ ಕೈ ಕಣ್ಣಿಗೆ ಕಾಣಬೇಕು. ಕೈ ಕಂಡರೆ ಹಿಡಿಯಬಹುದು. ಅಷ್ಟು ನಂಬಿಕೆ ನನ್ನ ಕಟ್ಟಳೆಯ ಮೇಲೆ.

ಅಂಗಡಿಗೆ ಬಂದು ಪಕ್ಕದ ಪಂಕ್ಚರ್ ಅಂಗಡಿಯವನಿಗೆ ಹೇಳಿದೆ. ಅವನು ಟಯರು ಬಿಚ್ಚುತ್ತಲೇ, "ಅಕ್ಕ, ನಿಂಗೆ ಮೋಸ ಮಾಡೋನು ಇನ್ನೂ ಹುಟ್ಟಿಲ್ಲ ಬುಡು" ಅಂದ. ನನಗೆ ಹಿತವಾಯಿತು.

ಐದನೇ ದಿನ ಪೊಟ್ಟಣ ಬಂತು. ತಂದವನು ನಲವತ್ತೈದರ ಆಸುಪಾಸಿನ ಮನುಷ್ಯ, ಕೊಳಾಲದವನು, ಅರ್ಧ ಗಡ್ಡ ಬೆಳ್ಳಗಾಗಿತ್ತು. ಬೈಕಿನ ಹಿಂದೆ ಅವನಿಗಿಂತ ದೊಡ್ಡ ಚೀಲ.

"ಎರಡು ಸಾವ್ರದ ನೂರು ಕಣಮ್ಮ."

"ಬಿಚ್ಚಿ ನೋಡ್ತೀನಿ, ಆಮೇಲೆ ಕೊಡ್ತೀನಿ."

"ಹಂಗಿಲ್ಲ. ಕಾಸು ಕೊಟ್ಮೇಲೇ ಬಿಚ್ಚದು. ಒಳಗೇನೈತೆ ಅಂತ ನಂಗೂ ಗೊತ್ತಿಲ್ಲ, ನಾನ್ ತರೋನು ಅಷ್ಟೆ. ಬ್ಯಾಡ ಅಂದ್ರೆ ಈಗ್ಲೇ ಬ್ಯಾಡ ಅನ್ನು, ತಗಂಡೋಗ್ತೀನಿ."

ಬೇಡ ಅನ್ನುವ ಹಕ್ಕು ನನಗಿತ್ತು, ಅವನೇ ಬಾಯಿಬಿಟ್ಟು ಹೇಳಿದ್ದ. ನಾನು ಕಾಸು ಎಣಿಸಿ ಅವನ ಅಂಗೈಗಿಟ್ಟೆ.

ಒಳಗಿದ್ದದ್ದು ಒಂದು ಹಳೆ ಸೀರೆ. ಬಣ್ಣ ಹೋದ ವಾಯಿಲ್, ಸೆರಗಿನ ಹತ್ತಿರ ಹರಿದು ಕೈಹೊಲಿಗೆ ಹಾಕಿದ್ದು, ಮುಗ್ಗಲು ವಾಸನೆ. ಹದಿನೆಂಟು ವರ್ಷ ಇಂಥವನ್ನೇ ನಾನು ಮನೆ ಮನೆಯಲ್ಲಿ ಬೇಡ ಅಂತ ಹಿಂದಕ್ಕೆ ಕೊಟ್ಟವಳು. ನನ್ನ ಲೆಕ್ಕದಲ್ಲಿ ಒಂದು ಟೀ ಲೋಟಕ್ಕೂ ಬಾರದ ಸರಕು. ಅಷ್ಟರಲ್ಲಿ ಬೈಕು ತಿರುವು ದಾಟಿತ್ತು.

ಫೋನಿನಲ್ಲಿ ಆ ಅಂಗಡಿಯ ಪುಟ ತೆರೆದರೆ ಪುಟವೇ ಇಲ್ಲ. ಹುಡುಕುವ ಜಾಗದಲ್ಲಿ ಅಂಗಡಿ ಹೆಸರು ಹಾಕಿ 'ಗ್ರಾಹಕರ ಸೇವೆ' ಅಂತ ಬರೆದೆ. ಒಂದು ನಂಬರು ಬಂತು, ಮಾಡಿದೆ. ಅತ್ತಲಿನವನ ಮಾತು ಬೆಣ್ಣೆ. "ದುಡ್ಡು ವಾಪಸ್ ಕೊಡ್ತೀವಿ ಮೇಡಂ, ಒಂದು ಆ್ಯಪ್ ಕಳಿಸ್ತೀನಿ ಹಾಕ್ಕೊಳಿ, ನಿಮ್ಮ ಫೋನಿಗೆ ಬರೋ ನಂಬರ್ ಹೇಳಿ." ಅಲ್ಲಿ ನನ್ನ ಮೂಗಿಗೆ ವಾಸನೆ ಹೊಡೆಯಿತು. ಕೊಡಬೇಕಾದವನು ನನ್ನನ್ನು ಯಾಕೆ ನಂಬರು ಕೇಳುತ್ತಾನೆ?

"ನೀನ್ ಯಾವೂರೋನು? ಅಂಗಡಿ ಎಲ್ಲೈತೆ?" ಅಂದೆ.

ಬೆಣ್ಣೆ ಕರಗಿತು. ಅವನು ಬಾಯಿಗೆ ಬಂದದ್ದು ಬೈದ. ನನ್ನ ತಾಯಿಯನ್ನು ಬೈದ, ತಂಗಿಯನ್ನು ಬೈದ. "ಬಾ, ಏನ್ ಕಿತ್ಕೊಳ್ತೀಯೋ ಕಿತ್ಕೋ. ನಿನ್ನ ವಿಳಾಸ ನನ್ನ ಹತ್ರ ಇದೆ, ನನ್ನದು ನಿನ್ನ ಹತ್ರ ಇದೆಯಾ?" ಅಂತ ನಕ್ಕು ಇಟ್ಟ.

ಬೀದಿಯಲ್ಲಿ ಬೈಸಿಕೊಂಡಿದ್ದೇನೆ, ಹೊಡೆಸಿಕೊಂಡಿದ್ದೇನೆ. ಆದರೆ ಯಾವಾಗಲೂ ಎದುರಿಗೆ ಒಂದು ಮೂತಿ ಇರುತ್ತಿತ್ತು, ಸೌಟು ಬೀಸಿದರೆ ತಗಲುತ್ತಿತ್ತು. ಇವನಿಗೆ ಮೈಯೇ ಇರಲಿಲ್ಲ. ಆ ಸಂಜೆ ಒಂದು ಗಿರಾಕಿಯ ಮುಂದೆ ಬೋಗುಣಿಯನ್ನು ನೆಲಕ್ಕೆ ಕುಕ್ಕಿದೆ, ಅಂಚು ತಗ್ಗಾಯಿತು. ಆ ಹೆಂಗಸು ಏನೂ ಕೊಳ್ಳದೆ ಎದ್ದು ಹೋದಳು.

ಮಾರನೆಯ ದಿನ ಹನ್ನೊಂದು ಗಂಟೆಗೆ ಅದೇ ಮನುಷ್ಯ ಅದೇ ಬೈಕಿನಲ್ಲಿ ಎದುರಿನ ಬಳೆ ಅಂಗಡಿಗೆ ಒಂದು ಡಬ್ಬ ತಂದ. ಅವನಿಗೆ ಮೈ ಇತ್ತು.

ಹೋಗಿ ಕಾಲರ್ ಹಿಡಿದೆ. "ನಿನ್ನೆ ತಂದ್ಯಲ್ಲ, ಏನಿತ್ತು ಗೊತ್ತೇನಯ್ಯ ಅದ್ರೊಳಗೆ?"

"ಗೊತ್ತಿಲ್ಲ ಕಣಮ್ಮ. ಬುಡು, ಅಂಗಿ ಹರೀತದೆ."

"ಕಾಸು ಈಸ್ಕಂಡಿದ್ದು ಯಾರು?"

"ನಾನೇ. ಸಂಜೇನೇ ಆಪೀಸಿಗೆ ಕಟ್ಬುಟ್ಟೆ."

"ವಾಪಸ್ ಮಡಗು."

"ನಾನೆಲ್ಲಿಂದ ತಂದು ಮಡಗ್ಲಿ? ದಿನಕ್ಕೆ ಅರವತ್ತು ಡಬ್ಬ ಹೊರ್ತೀನಿ. ಎಲ್ಲಾ ಡಬ್ಬಕ್ಕೂ ನಾನೇ ಹೊಣೆ ಅಂದ್ರೆ ನನ್ ಚರ್ಮ ಸುಲಿದು ಮಾರ್ಬೇಕಾಯ್ತದೆ." ಹೇಳುತ್ತಾ ಸಣ್ಣಗೆ ನಕ್ಕ. ಬೇಸತ್ತ ಮನುಷ್ಯನ ನಗು ಅದು, ಈಗ ಗೊತ್ತಾಗುತ್ತದೆ. ನನಗೆ ಕೇಳಿಸಿದ್ದು ಫೋನಿನವನ ನಗು.

ಕೆನ್ನೆಗೆ ಬಾರಿಸಿದೆ. ಇಪ್ಪತ್ತೈದು ವರ್ಷ ಪಾತ್ರೆ ಎತ್ತಿದ ಕೈ, ಅವನು ಬೈಕಿನ ಸಮೇತ ವಾಲಿದ. ಪಂಕ್ಚರ್ ಅಂಗಡಿಯವನು ಓಡಿಬಂದು, "ಯಾಕಕ್ಕ, ಏನ್ ಮಾಡ್ದ?" ಅಂದ.

"ಕಳ್ಳ ಕಣ್ಲಾ ಇವ್ನು" ಅಂದೆ.

ಒಂದೇ ಮಾತು. ಅದಕ್ಕೆ ಕಾದಿದ್ದವರ ಹಾಗೆ ಜನ ಸೇರಿದರು. ಪಂಕ್ಚರ್‌ನವನು ಹೊಟ್ಟೆಗೆ ಒದ್ದ. ಯಾರೋ ಚಪ್ಪಲಿ ತೆಗೆದರು. ಚೀಲದ ಡಬ್ಬಗಳು ರಸ್ತೆಗೆ ಚೆಲ್ಲಿದವು, ಒಂದೆರಡು ಕೈಗಳು ಅವನ್ನು ಎತ್ತಿಕೊಂಡು ಮಾಯವಾದವು. ಹಿಂದೆ ನಿಂತವನು ಏನು ಅಂತ ಕೇಳಿದ್ದಕ್ಕೆ ಮುಂದಿನವನು ಮೊಬೈಲ್ ಕಳ್ಳ ಅಂದ. ಅವನ ಹಿಂದಿನವನಿಗೆ ಅದು ಮಕ್ಕಳ ಕಳ್ಳ ಅಂತ ತಲುಪಿತು. ಆಮೇಲೆ ಬೀಳುವ ಏಟಿನ ಸದ್ದೇ ಬದಲಾಯಿತು. ತರಕಾರಿ ಚೀಲ ಹಿಡಿದ ಒಬ್ಬ ವಯಸ್ಸಾದವನು ಚೀಲವನ್ನು ಜೋಪಾನವಾಗಿ ಗೋಡೆಗೊರಗಿಸಿ, ಒಳಗೆ ನುಗ್ಗಿ ಎರಡು ಏಟು ಹಾಕಿ, ಹಿಂದಿರುಗಿ ಚೀಲ ಎತ್ತಿಕೊಂಡು ಬಸ್ಸಿಗೆ ಹೋದ. ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಆ ಮುಖವನ್ನು ಮರೆಯಲು ನನಗೆ ಆಗಿಲ್ಲ.

ಏಟು ಹೇಗೆ ಬೀಳುತ್ತದೆ ಅಂತ ತಿಂದವಳಿಗೆ ಗೊತ್ತು. ಮೊದಲ ನಾಲ್ಕು ಏಟಿಗೆ ಮನುಷ್ಯ ಕೈ ಅಡ್ಡ ಇಡುತ್ತಾನೆ, ಆಮೇಲೆ ಮಂಡಿ ಮಡಚುತ್ತಾನೆ, ಆಮೇಲೆ ಏನೂ ಮಾಡುವುದಿಲ್ಲ. ಅವನು ಏನೂ ಮಾಡದ ಹಂತಕ್ಕೆ ಬಂದಿದ್ದ. "ಸಾಕು, ಬುಡ್ರಪ್ಪ, ನನ್ ಕಾಸು ನಂಗ್ ಬ್ಯಾಡ" ಅಂತ ಕೂಗಿದೆ. ನನ್ನ ಮಾತು ಯಾರಿಗೂ ಬೇಕಿರಲಿಲ್ಲ, ಜಗಳ ನನ್ನ ಕೈ ಬಿಟ್ಟು ಎಷ್ಟೋ ಹೊತ್ತಾಗಿತ್ತು.

ಯಾರೋ ಅವನ ಬೈಕಿನಿಂದ ಹೆಲ್ಮೆಟ್ ಕಿತ್ತರು. ಅದರಿಂದಲೇ ಮುಖಕ್ಕೆ ಹೊಡೆದರು. ಅದರ ಮುಂದಿನ ಪ್ಲಾಸ್ಟಿಕ್ ಗಾಜು ಚಟಕ್ಕನೆ ಮುರಿಯಿತು. ಎರಡನೇ ಏಟಿಗೆ ಎತ್ತಿದಾಗ ನಾನು ನುಗ್ಗಿ ನೆಲದಲ್ಲಿದ್ದವನ ಮೇಲೆ ಬಿದ್ದೆ, ಕೈ ಮೇಲಕ್ಕೆ ಚಾಚಿದೆ. ಹೆಲ್ಮೆಟ್ ನನ್ನ ಬೆರಳಿನ ಮೇಲೆ ಇಳಿಯಿತು. ಹಸಿ ಕಡ್ಡಿ ಮುರಿದ ಸದ್ದು. ನಾನು ಕಿರುಚಿದ ಮೇಲೆ ಪಂಕ್ಚರ್‌ನವನು ಕಣ್ಣು ಬಿಟ್ಟು ನೋಡಿದ. ಹೆಲ್ಮೆಟ್ ಅವನ ಕೈಯಲ್ಲೇ ಇತ್ತು. ಅದನ್ನು ಕೆಳಗೆ ಹಾಕಿ, "ಅಕ್ಕ, ನೀನ್ಯಾಕ್ ಅಡ್ಡ ಬಂದೆ?" ಅಂದ. ಆಮೇಲೆ ಅಂಗಡಿಯ ಬಾಗಿಲೆಳೆದುಕೊಂಡು ಹೋದವನು ನಾಲ್ಕು ದಿನ ತೆರೆಯಲಿಲ್ಲ.

ಕ್ಷಣದಲ್ಲಿ ರಸ್ತೆ ಖಾಲಿ. ನನ್ನ ಕೆಳಗೆ ಅವನ ಎಡಗಣ್ಣಿನಿಂದ ರಕ್ತ, ರಕ್ತದ ಜೊತೆ ಮೊಟ್ಟೆಯ ಬಿಳಿಯಂಥದ್ದು. ಬಳೆ ಅಂಗಡಿಯಾಕೆ ಆಟೋ ನಿಲ್ಲಿಸಿದಳು. ಅವನ ತಲೆ ನನ್ನ ತೊಡೆಯ ಮೇಲೆ. "ಕಣ್ ಹೋಯ್ತಾ?" ಅಂತ ಕೇಳಿದ. "ಇಲ್ಲ" ಅಂದೆ. ನನಗೆ ಗೊತ್ತಿರಲಿಲ್ಲ.

ಮಧುಗಿರಿ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಕಟ್ಟಿ, ಇಲ್ಲಿ ಆಗುವುದಿಲ್ಲ, ಇವತ್ತೇ ಬೆಂಗಳೂರಿಗೆ ಸಾಗಿಸಿ ಅಂದರು. ಗಾಡಿ ಕಾಯುವಾಗ ಕೊಳಾಲದಿಂದ ಅವನ ಹೆಂಡತಿ ಬಂದಳು. ಅವನನ್ನು ನೋಡಿದಳು, ಆಮೇಲೆ ನನ್ನನ್ನು.

"ನೀನು ಪಾತ್ರೆಯೋಳಲ್ವ? ನಮ್ ಬೀದಿಗೆ ಬರ್ತಿದ್ದೆ."

"ಹೂಂ."

"ಯಾರು ಹೊಡ್ದಿದ್ದು?"

"ಮೊದ್ಲು ನಾನೇ."

ಕೈಯಲ್ಲಿದ್ದ ಊಟದ ಡಬ್ಬಿಯಿಂದ ನನ್ನ ಭುಜಕ್ಕೆ, ಕುತ್ತಿಗೆಗೆ, ಮತ್ತೆ ಭುಜಕ್ಕೆ ಹೊಡೆದಳು. ಮುಚ್ಚಳ ಹಾರಿ ಅನ್ನ ಚೆಲ್ಲಿತು. ನರ್ಸು ಹಿಡಿಯಲು ಬಂದರೆ ಬೇಡ ಅಂದೆ. "ಅವ್ನು ಕಂಡೋರ ಡಬ್ಬ ಹೊತ್ತು ಬದುಕೋನು ಕಣೇ" ಅಂತ ಏದುಸಿರಿನಲ್ಲಿ ಹೇಳಿದಳು. "ನೀನೂ ಹೊತ್ತೋಳೇ ಅಲ್ವೇನೇ? ಹೊರೋರ ಕಷ್ಟ ಹೊರೋಳಿಗೆ ಗೊತ್ತಾಗ್ಲಿಲ್ವೇನೇ?"

ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ನಾನೇ ಠಾಣೆಗೆ ಹೋದೆ. ಮೊದಲು ಕೈ ಮಾಡಿದ್ದು ಯಾರು ಅಂದರು, ನಾನು ಅಂದೆ. ಇನ್ನು ಯಾರು ಯಾರು ಅಂದರು, ಹೆಲ್ಮೆಟ್ ಎತ್ತಿದವನನ್ನು ಹೇಳಿದೆ. ಅವನು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ, ನನ್ನ ಅಂಗಡಿ ಕಡೆಗೆ ಟಯರಿನ ಕೊಳೆ ನೀರು ಎರಚುತ್ತಾನೆ. ಪೊಲೀಸರು ಬೆಂಗಳೂರಿಗೆ ಹೋಗಿ ಏಟು ತಿಂದವನ ಹೇಳಿಕೆ ಬರೆದುಕೊಂಡರು. ಅವನು ಹೇಳಿದ್ದು ಎರಡೇ ಮಾತಂತೆ. "ಮೊದ್ಲು ಹೊಡ್ದಿದ್ದು ಅವ್ಳೇ. ಮೇಲೆ ಬಿದ್ದು ಉಳಿಸಿದ್ದೂ ಅವ್ಳೇ. ಎರಡೂ ಬರ್ಕಳಿ." ಎರಡನ್ನೂ ಬರೆದುಕೊಂಡರು. ಮೊಕದ್ದಮೆ ಮಧುಗಿರಿ ನ್ಯಾಯಾಲಯದಲ್ಲಿ ಇನ್ನೂ ನಡೆಯುತ್ತಿದೆ, ಕರೆದಾಗಲೆಲ್ಲ ಹೋಗಿ ನಿಲ್ಲುತ್ತೇನೆ.

ಕಣ್ಣಿಗೆ ಎರಡು ಸಲ ಕೊಯ್ದರು. ಉಳಿಯುತ್ತದೋ ಇಲ್ಲವೋ ಹತ್ತು ದಿನ ಬಿಟ್ಟು ಹೇಳುತ್ತೇವೆ ಅಂದಿದ್ದರು. ಆ ಹತ್ತು ದಿನದ ಒಳಗೇ ಗೌರಿ ಹಬ್ಬ.

ಶಿರಾಕ್ಕೆ ಹೋದೆ. ದಾಳಿಂಬೆ ಬಣ್ಣದ ಸೀರೆ ಇನ್ನೂ ಇತ್ತು. ಸಾಹೇಬರು ನನ್ನ ಕೈಯ ಪಟ್ಟಿ ನೋಡಿ, ಸುದ್ದಿ ಕೇಳಿದ್ದರೋ ಏನೋ, ನಾನಿಟ್ಟ ಮೂರು ಸಾವಿರದ ಎಂಟುನೂರರಲ್ಲಿ ಮೂರೂವರೆ ತೆಗೆದುಕೊಂಡು ಉಳಿದದ್ದನ್ನು ಹಿಂದಕ್ಕೆ ಸರಿಸಿದರು. ನಾನು ಮುನ್ನೂರನ್ನು ಮತ್ತೆ ಅವರ ಕಡೆಗೆ ಸರಿಸಿ ಬಂದೆ. ರಾಯಚರ್ಲಿನ ಕಡೆ ತಂಗಿಯ ಮನೆಯಲ್ಲಿ ಮೊರದ ಜೊತೆ ಸೀರೆ ಇಟ್ಟೆ, ನಡೆದದ್ದೆಲ್ಲ ಹೇಳಿದೆ. ಅವಳು ಮೊರ ಎತ್ತಿಕೊಂಡಳು, ಸೀರೆ ಮುಟ್ಟಲಿಲ್ಲ. ಆ ಕಡೆಯ ತೆಲುಗು ಅವಳ ಮಾತಿಗೂ ಹತ್ತಿದೆ.

"ಏಮಕ್ಕ, ಈ ಚೀರೆ ಕೋಸಂ, ಒಂದ್ ಸೀರೆಗೋಸ್ಕರ, ಒಬ್ಬನ ಕಣ್ಣು ಹೋಗೋ ಹಂಗಾಯ್ತಾ? ನಾನು ಉಟ್ಕಂಡ್ರೆ ಮೈ ಉರೀತದೆ. ಆ ಮನ್ಸನ ಹೆಂಡ್ತಿಗೆ ಕೊಡ್ಪೋ."

ಕಣ್ಣಿನ ಸುದ್ದಿ ಬಂದದ್ದು ಹಬ್ಬ ಮುಗಿದ ಮೇಲೆ. ಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ. ಎದುರಿಗೆ ಕೈ ಆಡಿಸಿದರೆ ನೆರಳು ಆಡಿದ್ದು ಗೊತ್ತಾಗುತ್ತದೆ, ಅಷ್ಟೆ. ಅವನು ಊರಿಗೆ ಬಂದ ಮೇಲೆ ಸೀರೆ ಹಿಡಿದು ಕೊಳಾಲಕ್ಕೆ ಹೋದೆ. ಆಕೆ ಬಾಗಿಲಲ್ಲೇ ನಿಂತಳು. ನಾನು ಸೀರೆ ಚಾಚಿದೆ. ಮುಖಕ್ಕೆ ಎಸೆಯುತ್ತಾಳೆ ಅಂತಲೇ ಬಂದಿದ್ದೆ. ಆಕೆ ತೆಗೆದುಕೊಂಡು, ಮಡಿಕೆ ಬಿಚ್ಚಿ, ಅಂಚು ತಿರುಗಿಸಿ ಹಿಂಬದಿ ನೋಡಿದಳು.

"ಇದ್ಕೆ ಎಷ್ಟು ಪಾತ್ರೆ ಕೊಡ್ತೀಯ?" ಅಂದಳು.

ಉಡುಗೊರೆ ಬೇಡ, ಧರ್ಮ ಬೇಡ, ವ್ಯಾಪಾರ ಆದರೆ ಸರಿ ಅಂತ. ನಾನು ಕೂತೆ. ಕೇಳಿದ್ದಕ್ಕೆಲ್ಲ ಹೂಂ ಅಂದರೆ ಅದು ಧರ್ಮವೇ ಆಗುತ್ತಿತ್ತು, ಹಾಗಾಗಿ ಚೌಕಾಸಿ ಮಾಡಿದೆ. ಕುಕ್ಕರು, ಎರಡು ಕೊಳಗ, ಇಡ್ಲಿ ಪಾತ್ರೆ ಅಂದಳು. ಇಡ್ಲಿ ಪಾತ್ರೆ ಆಗಲ್ಲ ಅಂದೆ. ಬಾಗಿಲು ಮುಚ್ಚಲು ಹೊರಟಳು. ಆಗಲಿ ಅಂದೆ. ಒಳಗಿನಿಂದ ಅವನ ದನಿ ಬಂತು. "ಕೊಳಗಕ್ಕೆ ನೀರ್ ಹಾಕಿ ನೋಡಿ ಈಸ್ಕಳೇ, ಸೋರೀತು."

ಅವನು ಈಗ ಬೈಕು ಓಡಿಸುವುದಿಲ್ಲ. ಕೊರಟಗೆರೆಯಲ್ಲಿ ಡಬ್ಬ ಬಂದು ಇಳಿಯುವ ಕೋಣೆಯಲ್ಲಿ ಬಲಗಣ್ಣಿನಿಂದ ವಿಳಾಸ ಓದಿ ಊರೂರಿಗೆ ವಿಂಗಡಿಸುತ್ತಾನೆ. ಸಂಬಳ ಮೊದಲಿಗಿಂತ ಕಡಿಮೆ. ನನ್ನನ್ನು ಕ್ಷಮಿಸಿಲ್ಲ, ನಾನೂ ಕೇಳಿಲ್ಲ. ಆದರೆ ಎದುರಾದರೆ ಕಸುಬಿನ ಮಾತು ಆಡುತ್ತಾನೆ. ಮುಂದೆ ಬರೆಯುವುದರಲ್ಲಿ ಅರ್ಧ ಅವನದೇ.

ಹಬ್ಬಕ್ಕೆ ಫೋನಿನಲ್ಲಿ ಉಡುಗೊರೆ ಕೊಳ್ಳುತ್ತೀರಾದರೆ ಕೇಳಿ. ಬೆನ್ನು ತಿರುಗಿಸಿದಾಗ ಹಿಂದಿನಿಂದ ಕೂಗಿ ಬೆಲೆ ಇಳಿಸಿದರೆ ನೀವು ಗೆದ್ದಿರಿ ಅಂದುಕೊಳ್ಳಬೇಡಿ, ಸಂತೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಒಂದು ಗಂಟೆಯೊಳಗೆ ಅಂತ ಆತುರಪಡಿಸುವವನಿಗೆ ನಿಮ್ಮ ಯೋಚನೆ ಬೇಡವಾಗಿದೆ, ಹಾಗಾಗಿ ಒಂದು ದಿನ ಯೋಚಿಸಿ. ಊರಿನ ಅಂಗಡಿಯಲ್ಲಿ ಮೂರೂಮುಕ್ಕಾಲು ಇರುವುದು ಅಲ್ಲಿ ಎರಡಕ್ಕೆ ಸಿಗುತ್ತಿದ್ದರೆ, ಯಾಕೆ ಅನ್ನುವುದಕ್ಕೆ ಉತ್ತರ ಸಿಗುವ ತನಕ ಒತ್ತಬೇಡಿ. ಮಾರುವವನ ಊರು, ವಿಳಾಸ, ಸರಕು ಹಿಂದಕ್ಕೆ ತೆಗೆದುಕೊಳ್ಳುವ ಷರತ್ತು ಪುಟದಲ್ಲಿ ಇಲ್ಲದಿದ್ದರೆ ಅದು ಅಂಗಡಿಯೇ ಅಲ್ಲ. ಹಬ್ಬಕ್ಕೆ ತಿಂಗಳಿರುವಾಗಲೇ ತರಿಸಿ, ಕೆಟ್ಟರೆ ಬದಲಾಯಿಸಲು ಸಮಯ ಇರುತ್ತದೆ.

ತಂದಾಗ ಕಾಸು ಕೊಡುವುದು ಭದ್ರ ಅನ್ನುವ ನಂಬಿಕೆ ಬಿಡಿ, ನನ್ನನ್ನು ನೋಡಿ. ಡಬ್ಬದ ಮೇಲೆ ಕಳಿಸಿದವರ ಹೆಸರು ಓದಿ. ನೀವು ಕೊಂಡ ಅಂಗಡಿಯ ಹೆಸರು ಅಲ್ಲದಿದ್ದರೆ, ಅಥವಾ ಹೆಸರೇ ಇಲ್ಲದಿದ್ದರೆ, ಕಾಸು ಕೊಡದೆ ಬೇಡ ಅನ್ನಿ. ಹಬ್ಬದ ಮುಂಚೆ ಅಂಥವೇ ಜಾಸ್ತಿ ಇಳಿಯುತ್ತವೆ ಅನ್ನುತ್ತಾನೆ ಅವನು. ತೆಗೆದುಕೊಂಡರೆ ಬಿಚ್ಚುವಾಗ ಮೊದಲಿಂದ ಕೊನೆಯವರೆಗೆ ಫೋನಿನಲ್ಲಿ ಚಿತ್ರ ಹಿಡಿಯಿರಿ. ಮೋಸ ಆಗಿದ್ದರೆ ಸಹಾಯದ ನಂಬರನ್ನು ಹುಡುಕಿ ತೆಗೆಯಬೇಡಿ, ಅಲ್ಲಿ ಕೂತಿರುವವನೂ ಕಳ್ಳನೇ ಇರಬಹುದು. ಕೊಂಡ ಆ್ಯಪಿನ ಒಳಗಿನಿಂದಲೇ ದೂರು ಹಾಕಿ, ಪುಟ ಮಾಯವಾಗಿದ್ದರೆ ನೇರ ಪೊಲೀಸರ ಸೈಬರ್ ವಿಭಾಗಕ್ಕೆ ಹೋಗಿ. ದುಡ್ಡು ಹಿಂದಕ್ಕೆ ಕೊಡುವವನಿಗೆ ನಿಮ್ಮ ಫೋನಿಗೆ ಬಂದ ನಂಬರು ಬೇಕಾಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಹಳೆ ಚಿಂದಿ ಬಂದರೆ, ಬಾಗಿಲಲ್ಲಿ ನಿಂತವನನ್ನು ಸರಿಯಾಗಿ ನೋಡಿ. ನಿಮ್ಮ ಕಾಸು ಅವನ ಜೇಬಿನಲ್ಲಿಲ್ಲ. ಕಾಲರ್ ಮುಟ್ಟಬೇಡಿ. ಬೀದಿಯಲ್ಲಿ ಕಳ್ಳ ಅನ್ನುವ ಮಾತು ಆಡಲೇಬೇಡಿ, ಆಡಿದ ಮೇಲೆ ಅದು ನಿಮ್ಮ ಮಾತು ಕೇಳುವುದಿಲ್ಲ. ನೀರು ಕೊಟ್ಟು, ಕಳಿಸಿದವರ ವಿಳಾಸ ಬರೆದುಕೊಳ್ಳಿ. ಇನ್ನು ಸೀರೆಯನ್ನೇ ಕೊಳ್ಳುವುದಾದರೆ ಹಿಂಬದಿಯ ಚಿತ್ರ ಕಳಿಸಲು ಹೇಳಿ. ಕಳಿಸದಿದ್ದರೆ ಶಿರಾದ ಬಸ್ಸು ಹತ್ತಿ, ಸಾಹೇಬರು ಕೂಗಿ ಕರೆಯದಿದ್ದರೂ ಹಿಂದಕ್ಕೆ ಹೋಗಿ ತನ್ನಿ.